ಕಪಾಲ ನರಗಳು: ರಚನೆ, ಕಾರ್ಯಗಳು ಹಾಗೂ ಸಾರ್ವಜನಿಕರು ಗುರುತಿಸಬೇಕಾದ ಲಕ್ಷಣಗಳು

ಪೀಠಿಕೆ

ಮಾನವ ಶರೀರದ ನರವ್ಯೂಹವನ್ನು ಕೇಂದ್ರ ನರವ್ಯೂಹ ಮತ್ತು ಪರಿಧಿ ನರವ್ಯೂಹ ಎಂದು ಎರಡು ಭಾಗಗಳಾಗಿ ವಿಂಗಡಿಸಲಾಗಿದೆ. ಮಿದುಳು ಹಾಗೂ ಮಿದುಳುಬಳ್ಳಿ ಕೇಂದ್ರ ನರವ್ಯೂಹಕ್ಕೆ ಸೇರಿವೆ. ಇವುಗಳಿಂದ ಹೊರಟು ದೇಹದ ಎಲ್ಲ ಭಾಗಗಳನ್ನು ತಲುಪುವ ನರಗಳು ಪರಿಧಿ ನರವ್ಯೂಹಕ್ಕೆ ಸೇರುತ್ತವೆ. ಮಿದುಳುಬಳ್ಳಿಯಿಂದ 31 ಜೋಡಿ ನರಗಳು ಹೊರಟು ಮುಂಡ ಮತ್ತು ಕೈಕಾಲುಗಳಿಗೆ ಹೋಗುತ್ತವೆ. ಇವಲ್ಲದೆ ಇನ್ನೂ 12 ಜೋಡಿ ನರಗಳು ತಲೆಬುರುಡೆಯ ತಳದಲ್ಲಿರುವ ರಂಧ್ರಗಳ ಮೂಲಕ ಹಾದು ಮುಖ, ಕಣ್ಣು, ಕಿವಿ, ಮೂಗು, ನಾಲಗೆ, ಗಂಟಲು ಮುಂತಾದ ಅಂಗಗಳನ್ನು ಮಿದುಳಿನೊಡನೆ ಜೋಡಿಸುತ್ತವೆ. ಇವುಗಳಿಗೆ ಕಪಾಲ ನರಗಳು ಎಂದು ಹೆಸರು.

ನೋಡುವುದು, ಕೇಳುವುದು, ವಾಸನೆ ಮತ್ತು ರುಚಿ ಗ್ರಹಿಸುವುದು, ಅಗಿಯುವುದು, ನುಂಗುವುದು, ಮಾತನಾಡುವುದು, ನಗುವುದು, ಕಣ್ಣು ಮಿಟುಕಿಸುವುದು ಇವೆಲ್ಲವೂ ಈ ನರಗಳ ಕೆಲಸ. ಇವುಗಳಲ್ಲಿ ಯಾವುದಾದರೊಂದಕ್ಕೆ ಹಾನಿಯಾದರೆ ಅದು ಬಹುಮಟ್ಟಿಗೆ ಮುಖದಲ್ಲಿ, ಕಣ್ಣಿನಲ್ಲಿ ಅಥವಾ ಧ್ವನಿಯಲ್ಲಿ ತೋರಿಬರುತ್ತದೆ. ಅಂತಹ ಬದಲಾವಣೆಯನ್ನು "ಗಾಳಿ ಬಡಿದಿದೆ", "ತಣ್ಣೀರು ತಾಗಿದೆ" ಎಂದು ಭಾವಿಸಿ ದಿನಗಳನ್ನು ಕಳೆಯುವುದರಿಂದ ಗುಣವಾಗಬಹುದಾದ ತೊಂದರೆಯೂ ಶಾಶ್ವತ ನ್ಯೂನತೆಯಾಗುವ ಸಂಭವವಿದೆ. ಆದ್ದರಿಂದ ಈ ನರಗಳ ರಚನೆ ಹಾಗೂ ಕಾರ್ಯಗಳ ಬಗ್ಗೆ ಸಾರ್ವಜನಿಕರಿಗೆ ಪ್ರಾಥಮಿಕ ತಿಳಿವಳಿಕೆ ನೀಡುವುದು ಈ ಲೇಖನದ ಉದ್ದೇಶವಾಗಿದೆ.

ಸಂಖ್ಯೆ ಮತ್ತು ವರ್ಗೀಕರಣ

ಕಪಾಲ ನರಗಳ ಎಣಿಕೆಗೆ ದೀರ್ಘ ಇತಿಹಾಸವಿದೆ. ಕ್ರಿ.ಶ. 2ನೆಯ ಶತಮಾನದ ವೈದ್ಯ ಗೇಲನ್ ಇವುಗಳನ್ನು 7 ಜೋಡಿ ಎಂದು ಎಣಿಸಿದ್ದನು. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಮಿದುಳಿನ ರಚನೆಯನ್ನು ಕುರಿತ ತನ್ನ ಗ್ರಂಥದಲ್ಲಿ 9 ಜೋಡಿಗಳನ್ನು ವಿವರಿಸಿದನು. 1778ರಲ್ಲಿ ಜರ್ಮನಿಯ ಸ್ಯಾಮುಯೆಲ್ ಥಾಮಸ್ ಸೋಮರಿಂಗ್ 12 ಜೋಡಿಗಳ ಕ್ರಮವನ್ನು ಮಂಡಿಸಿದನು. ಇಂದಿಗೂ ವೈದ್ಯಕೀಯ ಶಿಕ್ಷಣದಲ್ಲಿ ಇದೇ ಕ್ರಮವನ್ನು ಅನುಸರಿಸಲಾಗುತ್ತಿದೆ. ಮಿದುಳಿನ ಮುಂಭಾಗದಿಂದ ಹಿಂಭಾಗಕ್ಕೆ ನರಗಳು ಕಾಣಿಸುವ ಅನುಕ್ರಮದಲ್ಲಿ ಅವುಗಳಿಗೆ 1ರಿಂದ 12ರವರೆಗೆ ಸಂಖ್ಯೆ ನೀಡಲಾಗಿದೆ.

ಕಾರ್ಯದ ಆಧಾರದ ಮೇಲೆ ಇವುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಅ) ಜ್ಞಾನವಾಹಿ ನರಗಳು: ಅಂಗಗಳಿಂದ ಮಿದುಳಿಗೆ ಸಂವೇದನೆಯನ್ನು ಒಯ್ಯುತ್ತವೆ. 1, 2 ಮತ್ತು 8ನೆಯ ನರಗಳು, ಒಟ್ಟು 3 ಜೋಡಿ.

ಆ) ಕ್ರಿಯಾವಾಹಿ ನರಗಳು: ಮಿದುಳಿನ ಆದೇಶವನ್ನು ಸ್ನಾಯುಗಳಿಗೆ ಒಯ್ಯುತ್ತವೆ. 3, 4, 6, 11 ಮತ್ತು 12ನೆಯ ನರಗಳು, ಒಟ್ಟು 5 ಜೋಡಿ.

ಇ) ಮಿಶ್ರ ನರಗಳು: ಎರಡೂ ಕೆಲಸಗಳನ್ನು ನಿರ್ವಹಿಸುತ್ತವೆ. 5, 7, 9 ಮತ್ತು 10ನೆಯ ನರಗಳು, ಒಟ್ಟು 4 ಜೋಡಿ.

ಹನ್ನೆರಡು ಜೋಡಿ ನರಗಳ ವಿವರ

1. ಘ್ರಾಣ ನರ: ವಾಸನೆಯನ್ನು ಗ್ರಹಿಸುವ ನರ. ಮೂಗಿನ ಮೇಲ್ಭಾಗದ ಪೊರೆಯಿಂದ ಹೊರಡುವ ಇದರ ಎಳೆಗಳು ಜರಡಿಯಂತೆ ಸಣ್ಣ ರಂಧ್ರಗಳಿರುವ ಮೂಳೆಯ ಮೂಲಕ ಮಿದುಳನ್ನು ಸೇರುತ್ತವೆ. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಈ ಎಳೆಗಳು ತುಂಡಾಗಿ ವಾಸನೆಯ ಶಕ್ತಿ ನಷ್ಟವಾಗಬಹುದು. ದ್ವಿಚಕ್ರ ವಾಹನ ಸವಾರರು ಹೆಲ್ಮೆಟ್ ಧರಿಸಬೇಕೆಂಬುದಕ್ಕೆ ಇದೂ ಒಂದು ಕಾರಣ. ವಾಸನೆ ತಿಳಿಯದ ವ್ಯಕ್ತಿಗೆ ಅಡುಗೆ ಅನಿಲದ ಸೋರಿಕೆಯಾಗಲಿ, ಹಳಸಿದ ಆಹಾರವಾಗಲಿ ಗೊತ್ತಾಗುವುದಿಲ್ಲ. ಅಂತಹವರಿರುವ ಮನೆಗಳಲ್ಲಿ ವಿಶೇಷ ಎಚ್ಚರ ಅಗತ್ಯ.

2. ದೃಷ್ಟಿ ನರ: ಕಣ್ಣಿನ ಅಕ್ಷಿಪಟಲದಿಂದ ಹೊರಡುವ ಈ ನರದಲ್ಲಿ ಸುಮಾರು 10 ಲಕ್ಷ ನರತಂತುಗಳಿವೆ. ರಚನೆಯ ದೃಷ್ಟಿಯಿಂದ ಇದು ಮಿದುಳಿನದೇ ಮುಂದುವರಿದ ಭಾಗ. ಆದ್ದರಿಂದ ಒಮ್ಮೆ ನಾಶವಾದ ತಂತುಗಳು ಮತ್ತೆ ಬೆಳೆಯುವುದಿಲ್ಲ. ಗ್ಲಾಕೋಮಾ ಕಾಯಿಲೆಯಲ್ಲಿ ಈ ನರವು ನೋವಿಲ್ಲದೆಯೇ ನಿಧಾನವಾಗಿ ಸವೆಯುವುದುಂಟು. ಕಳ್ಳಬಟ್ಟಿಯಲ್ಲಿ ಬೆರೆಯುವ ಮೆಥನಾಲ್ ಈ ನರಕ್ಕೆ ಪರಮ ವಿಷ. 2008ರ ಮೇ ತಿಂಗಳಲ್ಲಿ ಬೆಂಗಳೂರು ಹಾಗೂ ಕೋಲಾರ ಭಾಗದಲ್ಲಿಯೂ ನೆರೆಯ ತಮಿಳುನಾಡಿನ ಕೃಷ್ಣಗಿರಿಯಲ್ಲಿಯೂ ವಿಷಮದ್ಯ ಸೇವಿಸಿ ನೂರಕ್ಕೂ ಹೆಚ್ಚು ಜನರು ಮೃತಪಟ್ಟರು. ಮೆಥನಾಲ್ ಸೇವಿಸಿ ಬದುಕುಳಿದವರೂ ಅಂಧತ್ವಕ್ಕೆ ಗುರಿಯಾಗಬಹುದು. ಕ್ಷಯರೋಗದ ಚಿಕಿತ್ಸೆಯಲ್ಲಿ ಬಳಸುವ ಎಥಾಂಬ್ಯುಟಾಲ್ ಮಾತ್ರೆಯಿಂದ ಕೆಲವರಲ್ಲಿ ಕೆಂಪು ಮತ್ತು ಹಸಿರು ಬಣ್ಣಗಳ ವ್ಯತ್ಯಾಸ ಮಸುಕಾಗಬಹುದು. ಹಾಗಾದಲ್ಲಿ ಮಾತ್ರೆಗಳನ್ನು ತಾವಾಗಿ ನಿಲ್ಲಿಸದೆ ಕೂಡಲೇ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸತಕ್ಕದ್ದು.

3. ನೇತ್ರಚಾಲಕ ನರ: ಪ್ರತಿ ಕಣ್ಣುಗುಡ್ಡೆಯನ್ನು ತಿರುಗಿಸುವ 6 ಸ್ನಾಯುಗಳಲ್ಲಿ 4 ಸ್ನಾಯುಗಳು ಈ ನರದ ಅಧೀನದಲ್ಲಿವೆ. ಮೇಲಿನ ರೆಪ್ಪೆಯನ್ನು ಎತ್ತುವುದು ಮತ್ತು ಬೆಳಕಿಗೆ ಪಾಪೆಯನ್ನು ಕಿರಿದಾಗಿಸುವುದು ಸಹ ಇದರ ಕೆಲಸ. ದೀರ್ಘಕಾಲದ ಮಧುಮೇಹದಿಂದ ಈ ನರ ದುರ್ಬಲವಾಗಿ ರೆಪ್ಪೆ ಜೋಲುವುದುಂಟು. ಆದರೆ ತೀವ್ರ ತಲೆನೋವಿನೊಡನೆ ರೆಪ್ಪೆ ಜೋತು, ಪಾಪೆಯೂ ದೊಡ್ಡದಾಗಿದ್ದರೆ ಮಿದುಳಿನ ರಕ್ತನಾಳವೊಂದು ಉಬ್ಬಿ ನರವನ್ನು ಒತ್ತುತ್ತಿರುವ ಶಂಕೆ ಇರುತ್ತದೆ. ಇದು ತುರ್ತು ಪರಿಸ್ಥಿತಿ.

4. ಟ್ರಾಕ್ಲಿಯರ್ ನರ: ಕಪಾಲ ನರಗಳಲ್ಲಿ ಅತ್ಯಂತ ತೆಳುವಾದುದು. ಮಿದುಳು ಕಾಂಡದ ಹಿಂಬದಿಯಿಂದ ಹೊರಡುವ ಏಕೈಕ ನರವೂ ಇದೇ. ಕಣ್ಣನ್ನು ಕೆಳಮುಖವಾಗಿ ತಿರುಗಿಸುವ ಒಂದು ಸ್ನಾಯುವನ್ನು ನಡೆಸುತ್ತದೆ. ಇದಕ್ಕೆ ಹಾನಿಯಾದವರಿಗೆ ಮೆಟ್ಟಿಲು ಇಳಿಯುವಾಗ ಹಾಗೂ ಓದುವಾಗ ಒಂದು ವಸ್ತು ಎರಡಾಗಿ ಕಾಣುತ್ತದೆ.

5. ತ್ರಿಶಾಖಾ ನರ: ಮುಖದ ಚರ್ಮದ ಸ್ಪರ್ಶ, ನೋವು ಮತ್ತು ಶಾಖವನ್ನು ಮಿದುಳಿಗೆ ತಿಳಿಸುವ ಪ್ರಮುಖ ನರ. ಹಣೆ ಮತ್ತು ಕಣ್ಣಿಗೆ ಒಂದು, ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು, ಹೀಗೆ ಮೂರು ಶಾಖೆಗಳಿವೆ. ಅಗಿಯುವ ಸ್ನಾಯುಗಳನ್ನೂ ಇದೇ ನಡೆಸುತ್ತದೆ. ಈ ನರದ ಶೂಲೆಯಲ್ಲಿ ಮುಖ ತೊಳೆದಾಗ, ಹಲ್ಲುಜ್ಜಿದಾಗ, ಗಾಳಿ ಸೋಕಿದಾಗ ವಿದ್ಯುತ್ ಹೊಡೆದಂತಹ ನೋವು ಕೆಲವು ಕ್ಷಣ ಬಂದುಹೋಗುತ್ತದೆ. ಇದನ್ನು ಹಲ್ಲುನೋವೆಂದು ತಿಳಿದು ಒಳ್ಳೆಯ ಹಲ್ಲುಗಳನ್ನು ಕೀಳಿಸಿಕೊಂಡರೂ ನೋವು ಹೋಗುವುದಿಲ್ಲ. ಇದಕ್ಕೆ ಬೇರೆಯೇ ಔಷಧಗಳಿವೆ. ಹಣೆ ಹಾಗೂ ಮೂಗಿನ ಮೇಲೆ ಸರ್ಪಸುತ್ತು ಎದ್ದರೆ ಈ ನರದ ಮೊದಲ ಶಾಖೆಯ ಮೂಲಕ ಕಣ್ಣಿಗೂ ಅಪಾಯವಿದೆ. ಬರೀ ಕೆಮ್ಮಣ್ಣು, ಸೊಪ್ಪಿನ ರಸ ಹಚ್ಚಿ ಕಾಯದೆ, ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳೊಳಗೆ ವೈದ್ಯರಿಂದ ವೈರಾಣು ನಿರೋಧಕ ಔಷಧವನ್ನು ಪಡೆಯುವುದು ಉತ್ತಮ.

6. ಅಬ್ಡ್ಯೂಸೆನ್ಸ್ ನರ: ಕಣ್ಣನ್ನು ಹೊರಬದಿಗೆ ತಿರುಗಿಸುವ ನರ. ತಲೆಬುರುಡೆಯೊಳಗೆ ಇದು ಬಹುದೂರ ಸಾಗುವುದರಿಂದ, ಗಡ್ಡೆ ಅಥವಾ ಮಿದುಳುಪೊರೆಯ ಉರಿಯೂತದ ಕಾರಣ ತಲೆಯೊಳಗಿನ ಒತ್ತಡ ಹೆಚ್ಚಿದಾಗ ಬೇಗನೆ ತೊಂದರೆಗೊಳಗಾಗುತ್ತದೆ. ತಲೆನೋವು ಮತ್ತು ವಾಂತಿಯ ಜೊತೆಗೆ ಹೊಸದಾಗಿ ಮೆಳ್ಳೆಗಣ್ಣು ಕಾಣಿಸಿಕೊಂಡ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

7. ಮುಖ ನರ: ನಗು, ಅಳು, ಹುಬ್ಬೇರಿಸುವುದು, ಕಣ್ಣು ಮುಚ್ಚುವುದು ಮುಂತಾಗಿ ಮುಖದ ಭಾವಗಳೆಲ್ಲ ಇದರಿಂದ ನಡೆಯುತ್ತವೆ. ನಾಲಗೆಯ ಮುಂದಿನ ಮೂರನೇ ಎರಡು ಭಾಗದ ರುಚಿ, ಕಣ್ಣೀರು ಹಾಗೂ ಕೆಲವು ಲಾಲಾಗ್ರಂಥಿಗಳ ಸ್ರಾವವೂ ಇದರ ವ್ಯಾಪ್ತಿಗೆ ಬರುತ್ತವೆ. ಈ ನರ ಕಿವಿಯ ಬಳಿಯ ಮೂಳೆಯೊಳಗಿನ ಇಕ್ಕಟ್ಟಾದ ಕಾಲುವೆಯಲ್ಲಿ ಹಾದುಬರುತ್ತದೆ. ಬಹುಕಾಲ ಕಿವಿ ಸೋರುವವರಲ್ಲಿ ಸೋಂಕು ಮೂಳೆಯನ್ನು ಕೊರೆದು ಈ ನರವನ್ನು ತಲುಪಬಹುದು.

8. ಶ್ರವಣ ಮತ್ತು ಸಮತೋಲನ ನರ: ಒಳಕಿವಿಯ ಶಂಖಾಕಾರದ ಭಾಗದಿಂದ ಶಬ್ದವನ್ನೂ, ಮೂರು ಅರ್ಧವೃತ್ತಾಕಾರದ ನಾಳಗಳಿಂದ ತಲೆಯ ಚಲನೆಯ ಮಾಹಿತಿಯನ್ನೂ ಒಯ್ಯುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಂತಾದರೆ ಅದನ್ನು ಗುಗ್ಗೆ ಕಟ್ಟಿದೆ ಎಂದು ಉಪೇಕ್ಷಿಸಬಾರದು. ಆರಂಭದ ದಿನಗಳಲ್ಲಿ ಚಿಕಿತ್ಸೆ ಪಡೆದಷ್ಟೂ ಶ್ರವಣಶಕ್ತಿ ಮರಳುವ ಸಾಧ್ಯತೆ ಹೆಚ್ಚು. ಹುಟ್ಟಿನಿಂದಲೇ ಕೇಳಿಸದ ಮಕ್ಕಳನ್ನು ಶೀಘ್ರವಾಗಿ ಗುರುತಿಸಿದಲ್ಲಿ ಮಾತು ಕಲಿಸಲು ಸಾಧ್ಯ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ತಪಾಸಣೆ, ಚಿಕಿತ್ಸೆ ಮತ್ತು ತರಬೇತಿಯ ಕಾರ್ಯವನ್ನು ನಿರ್ವಹಿಸುತ್ತಿದೆ.

9. ಜಿಹ್ವಾಗಂಟಲ ನರ: ನಾಲಗೆಯ ಹಿಂದಿನ ಮೂರನೇ ಒಂದು ಭಾಗದ ರುಚಿ, ಗಂಟಲಿನ ಸ್ಪರ್ಶ ಹಾಗೂ ಕಿವಿಯ ಮುಂಭಾಗದ ಲಾಲಾಗ್ರಂಥಿಯ ಸ್ರಾವಕ್ಕೆ ಕಾರಣವಾದ ನರ. ಕತ್ತಿನ ರಕ್ತನಾಳದಿಂದ ರಕ್ತದೊತ್ತಡದ ಏರಿಳಿತವನ್ನೂ ಮಿದುಳಿಗೆ ವರದಿ ಮಾಡುತ್ತದೆ.

10. ವೇಗಸ್ ನರ: ಕಪಾಲ ನರಗಳಲ್ಲಿ ಅತಿ ಉದ್ದವಾದುದು. ಲ್ಯಾಟಿನ್ ಭಾಷೆಯಲ್ಲಿ ಈ ಹೆಸರಿಗೆ ಅಲೆಮಾರಿ ಎಂದು ಅರ್ಥ. ಗಂಟಲು ಮತ್ತು ಧ್ವನಿಪೆಟ್ಟಿಗೆಯಿಂದ ಮೊದಲ್ಗೊಂಡು ಹೃದಯ, ಶ್ವಾಸಕೋಶ, ಜಠರ ಹಾಗೂ ಕರುಳಿನ ಬಹುಭಾಗದವರೆಗೆ ಸಂಚರಿಸುತ್ತದೆ. ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ನರಗಳು ರಾಸಾಯನಿಕ ವಸ್ತುವಿನ ಮೂಲಕ ಆದೇಶ ನೀಡುತ್ತವೆ ಎಂಬುದನ್ನು ಆಟ್ಟೋ ಲೋವಿ 1921ರಲ್ಲಿ ಕಪ್ಪೆಯ ಹೃದಯ ಮತ್ತು ಇದೇ ನರದ ಮೇಲೆ ಪ್ರಯೋಗ ನಡೆಸಿ ತೋರಿಸಿದರು. ಅವರಿಗೆ 1936ರಲ್ಲಿ ಹೆನ್ರಿ ಡೇಲ್ ಅವರೊಡನೆ ನೊಬೆಲ್ ಪ್ರಶಸ್ತಿ ದೊರೆಯಿತು. ಧ್ವನಿತಂತುವಿಗೆ ಹೋಗುವ ಇದರ ಎಡಶಾಖೆಯು ಎದೆಗೂಡಿಗೆ ಇಳಿದು, ಮಹಾಪಧಮನಿಯನ್ನು ಬಳಸಿ ಮತ್ತೆ ಕತ್ತಿಗೆ ಏರುತ್ತದೆ. ಆದ್ದರಿಂದ ಎದೆಯೊಳಗಿನ ಗಡ್ಡೆಯ ಮೊದಲ ಸೂಚನೆ ಧ್ವನಿ ಒಡೆಯುವುದೇ ಆಗಿರಬಹುದು. ಮೂರು ವಾರಗಳಿಗಿಂತ ಹೆಚ್ಚು ಕಾಲ ಧ್ವನಿ ಒಡೆದಿದ್ದರೆ, ಅದರಲ್ಲಿಯೂ ಬೀಡಿ, ಸಿಗರೇಟು ಸೇದುವವರು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

11. ಆಕ್ಸೆಸರಿ ನರ: ಮಿದುಳುಬಳ್ಳಿಯ ಮೇಲ್ತುದಿಯಿಂದ ಹೊರಟು, ತಲೆಬುರುಡೆಯನ್ನು ಪ್ರವೇಶಿಸಿ ಮತ್ತೆ ಹೊರಬರುವುದು ಇದರ ವಿಶೇಷ. ಕತ್ತು ತಿರುಗಿಸಲು, ಹೆಗಲು ಎತ್ತಲು ಸಹಕಾರಿ.

12. ಅಧೋಜಿಹ್ವಾ ನರ: ನಾಲಗೆಯ ಚಲನೆಗೆ ಕಾರಣವಾದ ನರ. ಒಂದು ಬದಿಯ ನರ ಹಾನಿಗೊಂಡಾಗ, ಹೊರಚಾಚಿದ ನಾಲಗೆಯು ದುರ್ಬಲವಾದ ಬದಿಗೇ ವಾಲುತ್ತದೆ.

ಮುಖ ಒಂದು ಬದಿಗೆ ಸೊಟ್ಟಗಾದಾಗ

ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಜೋತುಬೀಳುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು, ಮುಖ ನರವೇ ಊದಿಕೊಂಡು ಮೂಳೆಯ ಕಾಲುವೆಯಲ್ಲಿ ಒತ್ತಲ್ಪಡುವುದು. ಇದಕ್ಕೆ ಬೆಲ್ಸ್ ಪಾಲ್ಸಿ ಎಂದು ಹೆಸರು. ಮುಖದ ನರಗಳ ಬಗ್ಗೆ 1821ರಲ್ಲಿ ಪ್ರಬಂಧ ಮಂಡಿಸಿದ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ ಅವರಿಂದ ಈ ಹೆಸರು ಬಂದಿದೆ. ಎರಡನೆಯದು, ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಅಥವಾ ಒಡೆಯುವುದು. ಇದು ಪಾರ್ಶ್ವವಾಯು. ಜನಸಾಮಾನ್ಯರು ಎರಡನ್ನೂ "ಲಕ್ವ" ಎಂದೇ ಕರೆಯುವುದರಿಂದ ಗೊಂದಲ ಉಂಟಾಗುತ್ತದೆ.

ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಗಳಿಂದ ಆದೇಶ ಬರುತ್ತದೆ. ಆದಕಾರಣ ಮಿದುಳಿನ ಒಂದು ಬದಿಗೆ ಆಘಾತವಾದಾಗ ಸಾಮಾನ್ಯವಾಗಿ ಬಾಯಿ ಸೊಟ್ಟಗಾದರೂ ಹುಬ್ಬೇರಿಸಿದಾಗ ಹಣೆಯಲ್ಲಿ ಗೆರೆಗಳು ಮೂಡುತ್ತವೆ. ಬೆಲ್ಸ್ ಪಾಲ್ಸಿಯಲ್ಲಿ ಆ ಬದಿಯ ಹಣೆಯ ಗೆರೆಗಳೂ ಮಾಯವಾಗುತ್ತವೆ, ಕಣ್ಣು ಪೂರ್ಣವಾಗಿ ಮುಚ್ಚುವುದಿಲ್ಲ. ಈ ವ್ಯತ್ಯಾಸವು ವೈದ್ಯರಿಗೆ ಉಪಯುಕ್ತವಾದ ಸೂಚನೆಯೇ ಹೊರತು, ಮನೆಯಲ್ಲಿಯೇ ನಿರ್ಧರಿಸಿ ಸುಮ್ಮನಿರಲು ಆಧಾರವಲ್ಲ.

ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು, ಸಿ.ಟಿ. ಸ್ಕ್ಯಾನ್ ನಂತರ ಅರ್ಹ ರೋಗಿಗಳಿಗೆ, ಸಾಮಾನ್ಯವಾಗಿ ಲಕ್ಷಣಗಳು ಕಂಡ 4½ ಗಂಟೆಗಳೊಳಗೆ ನೀಡಬೇಕಾಗುತ್ತದೆ. ಲಕ್ವಕ್ಕೆ ನಾಟಿ ಔಷಧ ಕೊಡುವ ಊರನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಈ ಅವಧಿ ಮುಗಿದುಹೋಗುತ್ತದೆ. ಬೆಲ್ಸ್ ಪಾಲ್ಸಿಯು ಬಹುತೇಕರಲ್ಲಿ ವಾರಗಳಿಂದ ತಿಂಗಳುಗಳಲ್ಲಿ ಗುಣವಾಗುತ್ತದೆ. 72 ಗಂಟೆಗಳೊಳಗೆ ವೈದ್ಯರ ಸಲಹೆಯಂತೆ ಸ್ಟೀರಾಯ್ಡ್ ಮಾತ್ರೆ ಆರಂಭಿಸಿದಲ್ಲಿ ಪೂರ್ಣ ಗುಣವಾಗುವ ಸಂಭವ ಹೆಚ್ಚುತ್ತದೆ. ಅಲ್ಲಿಯವರೆಗೆ ಮುಚ್ಚದ ಕಣ್ಣು ಒಣಗಿ ಹುಣ್ಣಾಗದಂತೆ ವೈದ್ಯರು ಸೂಚಿಸಿದ ಹನಿ, ಮುಲಾಮು ಹಾಗೂ ರಾತ್ರಿ ಕಣ್ಣುಪಟ್ಟಿಯಿಂದ ಕಾಪಾಡಿಕೊಳ್ಳುವುದು ಅತ್ಯವಶ್ಯಕ.

ಕುಷ್ಠರೋಗ ಮತ್ತು ಕಣ್ಣಿನ ರಕ್ಷಣೆ

ಕುಷ್ಠರೋಗದ ರೋಗಾಣುಗಳು ಚರ್ಮದ ಜೊತೆಗೆ ನರಗಳನ್ನೂ ಬಾಧಿಸುತ್ತವೆ. ಮುಖ ನರದ ಶಾಖೆ ಹಾನಿಗೊಂಡರೆ ಕಣ್ಣು ಮುಚ್ಚುವುದಿಲ್ಲ. ತ್ರಿಶಾಖಾ ನರವೂ ಹಾನಿಗೊಂಡರೆ ಕಣ್ಣಿಗೆ ಧೂಳು ಬಿದ್ದುದೇ ತಿಳಿಯುವುದಿಲ್ಲ. ಈ ಎರಡೂ ಕೂಡಿದಾಗ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದಲ್ಲಿ ಹುಣ್ಣಾಗಿ, ನೋವೇ ಇಲ್ಲದೆ ದೃಷ್ಟಿ ನಷ್ಟವಾಗಬಹುದು. ಭಾರತವು 2005ರ ಡಿಸೆಂಬರ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಕುಷ್ಠರೋಗ ನಿವಾರಣೆಯ ಗುರಿಯನ್ನು, ಎಂದರೆ 10,000 ಜನಸಂಖ್ಯೆಗೆ ಒಂದಕ್ಕಿಂತ ಕಡಿಮೆ ರೋಗಿಗಳ ಪ್ರಮಾಣವನ್ನು ಸಾಧಿಸಿತು. ಆದರೂ ಹೊಸ ಪ್ರಕರಣಗಳು ಇಂದಿಗೂ ಪತ್ತೆಯಾಗುತ್ತಿವೆ. ಬಹುಔಷಧ ಚಿಕಿತ್ಸೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ರೋಗದ ವಿಧಕ್ಕನುಸಾರವಾಗಿ 6 ಅಥವಾ 12 ತಿಂಗಳು ಔಷಧ ಸೇವಿಸಬೇಕು. ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆಯನ್ನು ಸಂಕೋಚದಿಂದ ಮರೆಮಾಚದೆ ತೋರಿಸಿದಲ್ಲಿ ನರಗಳನ್ನು ಉಳಿಸಿಕೊಳ್ಳಬಹುದು.

ಹಾವು ಕಡಿತ ಮತ್ತು ಗಂಟಲುಮಾರಿ

ನಾಗರಹಾವು ಹಾಗೂ ಕಟ್ಟುಹಾವುಗಳ ವಿಷವು ನರವು ಸ್ನಾಯುವನ್ನು ಸೇರುವ ಸ್ಥಳದಲ್ಲಿ ಆದೇಶವನ್ನು ತಡೆಯುತ್ತದೆ. ಇದರ ಪರಿಣಾಮವು ಸಾಮಾನ್ಯವಾಗಿ ಕಪಾಲ ನರಗಳು ನಡೆಸುವ ಸ್ನಾಯುಗಳಲ್ಲಿ ಮೊದಲು ಕಾಣುತ್ತದೆ. ರೆಪ್ಪೆ ಜೋಲುವುದು, ಎರಡಾಗಿ ಕಾಣುವುದು, ಮಾತು ತೊದಲುವುದು, ಉಗುಳು ನುಂಗಲಾಗದಿರುವುದು ಕ್ರಮವಾಗಿ ಕಂಡುಬಂದು, ಬಳಿಕ ಉಸಿರಾಟವೇ ನಿಲ್ಲಬಹುದು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ಗಾಯ ಹಾಗೂ ನೋವು ಅತ್ಯಲ್ಪವಾಗಿರುತ್ತದೆ. ಆದ್ದರಿಂದ ಬೆಳಗಿನ ಜಾವ ರೆಪ್ಪೆ ಎತ್ತಲಾಗದೆ ಎದ್ದವರನ್ನು ನಿದ್ದೆಗಣ್ಣೆಂದು ಭಾವಿಸಬಾರದು. ಹಾವು ಕಡಿತವನ್ನು ಕರ್ನಾಟಕ ಸರ್ಕಾರವು 2024ರಲ್ಲಿ ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದೆ. ಮಂತ್ರ, ನಾಟಿ ಉಪಚಾರಗಳಲ್ಲಿ ಕಾಲಹರಣ ಮಾಡದೆ ವಿಷನಿರೋಧಕ ಚುಚ್ಚುಮದ್ದು ಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು.

ಗಂಟಲುಮಾರಿ ರೋಗದ ವಿಷವೂ ಈ ನರಗಳನ್ನು ಬಾಧಿಸುತ್ತದೆ. ಗಂಟಲುನೋವು ಬಂದ ಕೆಲವು ವಾರಗಳಲ್ಲಿ ಮಗುವಿನ ಮಾತು ಮೂಗಿನಲ್ಲಿ ಬರುವುದು, ಕುಡಿದ ನೀರು ಮೂಗಿನಿಂದ ಹೊರಬರುವುದು ಇದರ ಲಕ್ಷಣಗಳು. ಮಗುವಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಲಸಿಕೆ ಹಾಗೂ ನಂತರದ ವರ್ಧಕ ಲಸಿಕೆಗಳನ್ನು ಕೊಡಿಸುವುದರಿಂದ ಇದನ್ನು ತಡೆಗಟ್ಟಬಹುದು. ಈ ಲಸಿಕೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ವೈದ್ಯರು ಪರೀಕ್ಷಿಸುವ ಕ್ರಮ

ಈ ನರಗಳ ಪ್ರಾಥಮಿಕ ಪರೀಕ್ಷೆಗೆ ದುಬಾರಿ ಯಂತ್ರಗಳ ಅಗತ್ಯವಿಲ್ಲ. ಕಾಫಿಪುಡಿಯಂತಹ ಪರಿಚಿತ ವಾಸನೆ, ಓದುವ ಫಲಕ, ಟಾರ್ಚು, ಹತ್ತಿಯ ಎಳೆ ಮತ್ತು ಶ್ರುತಿಕವೆ ಇದ್ದರೆ ಸಾಕು. ಬೆರಳನ್ನು ಕಣ್ಣಿನಿಂದ ಹಿಂಬಾಲಿಸುವುದು, ಹುಬ್ಬೇರಿಸುವುದು, ಕಣ್ಣನ್ನು ಬಿಗಿಯಾಗಿ ಮುಚ್ಚುವುದು, ಹಲ್ಲು ತೋರಿಸುವುದು, "ಆ" ಎನ್ನುವುದು, ಹೆಗಲೆತ್ತುವುದು, ನಾಲಗೆ ಚಾಚುವುದು, ಇವುಗಳನ್ನು ಮಾಡಿಸಿ ಯಾವ ನರಕ್ಕೆ ತೊಂದರೆಯಾಗಿದೆ ಎಂಬುದನ್ನು ವೈದ್ಯರು ತರ್ಕಿಸುತ್ತಾರೆ. ಅಗತ್ಯಬಿದ್ದಲ್ಲಿ ಮಾತ್ರ ಸ್ಕ್ಯಾನ್ ಹಾಗೂ ಇತರೆ ಪರೀಕ್ಷೆಗಳಿಗೆ ಸೂಚಿಸುತ್ತಾರೆ.

ಸಾರ್ವಜನಿಕರ ಗಮನಕ್ಕೆ

1) ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಬಲಹೀನವಾಗುವುದು ಇದ್ದಕ್ಕಿದ್ದಂತೆ ಕಂಡುಬಂದಲ್ಲಿ, ಲಕ್ಷಣ ಆರಂಭವಾದ ಸಮಯವನ್ನು ಗುರುತಿಟ್ಟುಕೊಂಡು ಕೂಡಲೇ 108 ಸಂಖ್ಯೆಗೆ ಕರೆ ಮಾಡುವುದು.

2) ಅಂತಹ ರೋಗಿಗೆ ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ, ವೈದ್ಯರು ಪರೀಕ್ಷಿಸುವವರೆಗೆ ನೀರು, ಕಾಫಿ, ಮಾತ್ರೆ, ಕಷಾಯ ಯಾವುದನ್ನೂ ಬಾಯಿಗೆ ಹಾಕದಿರುವುದು.

3) ರೆಪ್ಪೆ ಜೋಲುವುದು, ವಸ್ತು ಎರಡಾಗಿ ಕಾಣುವುದು, ದೃಷ್ಟಿ ಅಥವಾ ಶ್ರವಣ ಏಕಾಏಕಿ ಕುಂದುವುದು, ನುಂಗಲು ಕಷ್ಟವಾಗುವುದು ಇವು ತಾವಾಗಿ ಹೋಗಲೆಂದು ಕಾಯದೆ ಅದೇ ದಿನ ತೋರಿಸಿಕೊಳ್ಳುವುದು.

4) ಮಧುಮೇಹ ಹಾಗೂ ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟುಕೊಳ್ಳುವುದು, ತಂಬಾಕು ಮತ್ತು ಕಳ್ಳಬಟ್ಟಿಯಿಂದ ದೂರವಿರುವುದು, ಹೆಲ್ಮೆಟ್ ಧರಿಸುವುದು.

5) ಕಿವಿ ಸೋರುವ ಮಕ್ಕಳ ಕಿವಿಗೆ ಎಣ್ಣೆ ಹಾಕದೆ ಚಿಕಿತ್ಸೆ ಕೊಡಿಸುವುದು.

6) ದೃಷ್ಟಿ ಅಥವಾ ಶ್ರವಣಶಕ್ತಿ ಶಾಶ್ವತವಾಗಿ ನಷ್ಟವಾದವರು ಹಾಗೂ ಕುಷ್ಠರೋಗದಿಂದ ಗುಣಮುಖರಾಗಿ ನ್ಯೂನತೆ ಉಳಿದವರು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ವ್ಯಾಪ್ತಿಗೆ ಬರುತ್ತಾರೆ. ಅಂತಹವರು ನಿಯಮಾನುಸಾರ ವೈದ್ಯಕೀಯ ಪ್ರಮಾಣಪತ್ರ ಪಡೆದು ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಬಹುದು.

ಆದರೆ ಪ್ರಮಾಣಪತ್ರದಿಂದ ಸೌಲಭ್ಯ ದೊರೆಯಬಹುದೇ ಹೊರತು ಕಳೆದುಹೋದ ದೃಷ್ಟಿಯಾಗಲಿ, ಶ್ರವಣವಾಗಲಿ ಮರಳುವುದಿಲ್ಲ. ಮೇಲ್ಕಂಡ ತೊಂದರೆಗಳ ಪೈಕಿ ಹಲವು, ಮೊದಲ ಗಂಟೆಗಳಲ್ಲಿ ಅಥವಾ ಮೊದಲ ದಿನಗಳಲ್ಲಿ ವೈದ್ಯರ ಬಳಿಗೆ ಬಂದಲ್ಲಿ ತಡೆಯಬಹುದಾದಂತಹವು. ಮನೆಯವರ ಮುಖದಲ್ಲಿ, ಕಣ್ಣಿನಲ್ಲಿ, ಧ್ವನಿಯಲ್ಲಿ ಆದ ಬದಲಾವಣೆಯನ್ನು ವೈದ್ಯರಿಗಿಂತ ಮೊದಲು ಗಮನಿಸುವವರು ಮನೆಯವರೇ ಆಗಿರುತ್ತಾರೆ. ಆದ್ದರಿಂದ ಈ ಮಾಹಿತಿಯನ್ನು ಕುಟುಂಬದ ಎಲ್ಲ ಸದಸ್ಯರಿಗೂ, ನೆರೆಹೊರೆಯವರಿಗೂ ತಿಳಿಸಿ, ಲಕ್ಷಣಗಳು ಕಂಡುಬಂದ ಕೂಡಲೇ ಹತ್ತಿರದ ಆಸ್ಪತ್ರೆಯನ್ನು ಸಂಪರ್ಕಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.